ಫಕೀರವ್ವ ಎಣಿಸದ ಮೊದಲ ಹೊಲಿಗೆ

ಧಾರವಾಡದ ಒಂದು ಓಣಿಯಲ್ಲಿ ಸೂಜಿಮನೆ ಎಂಬ ಕಸೂತಿ ಕೇಂದ್ರವಿತ್ತು. ಹನ್ನೊಂದು ಮಂದಿ ಹೆಂಗಸರು ಅಲ್ಲಿ ಕೂತು ಸೀರೆಗೂ ಕುಪ್ಪಸಕ್ಕೂ ಕಸೂತಿ ಹಾಕುತ್ತಿದ್ದರು. ಆ ಹನ್ನೊಂದರಲ್ಲಿ ಹಿರಿಯಳು, ಉಳಿದ ಹತ್ತು ಮಂದಿಗೂ ಗುರು, ಫಕೀರವ್ವ. ವಯಸ್ಸು ಐವತ್ತೆಂಟು. ಓದಿದ್ದು ಎರಡನೆಯ ಇಯತ್ತೆ. ಬಾಯಿ ಮಾತ್ರ ಹೆಡ್‌ಮಾಸ್ತರರದು.

ಕಸೂತಿಯಲ್ಲಿ ಗವಂತಿ ಎಂಬ ಹೊಲಿಗೆ ಇದೆ. ಬಟ್ಟೆಯ ಎಳೆ ಎಣಿಸಿಕೊಂಡು ಒಂದು ಬಿಟ್ಟು ಒಂದು ಹೊಲಿಯುತ್ತ ಮುಂದೆ ಹೋಗಬೇಕು. ಬಿಟ್ಟ ಜಾಗಗಳನ್ನು ತುಂಬುತ್ತ ಅದೇ ದಾರಿಯಲ್ಲಿ ವಾಪಸು ಬರಬೇಕು. ಗಂಟು ಹಾಕುವ ಹಾಗಿಲ್ಲ. ಎಲ್ಲೋ ಒಂದು ಎಳೆ ಹೆಚ್ಚುಕಡಿಮೆಯಾಯಿತೋ, ಚಿತ್ರ ಕೂಡುವುದಿಲ್ಲ, ಆನೆಗೆ ಸೊಂಡಿಲು ಸೇರುವುದಿಲ್ಲ. ಆಗ ಹೊಸಬರು ಸಿಟ್ಟಿಗೆದ್ದು ಕತ್ತರಿಗೆ ಕೈ ಹಾಕುತ್ತಾರೆ. ಫಕೀರವ್ವನ ಹತ್ತಿರ ಅದು ನಡೆಯುತ್ತಿರಲಿಲ್ಲ. ಸೂಜಿಯ ಹಿಂಬದಿಯಿಂದ ಒಂದೊಂದೇ ಹೊಲಿಗೆ ಬಿಚ್ಚುತ್ತ, ಎಣಿಸುತ್ತ, ತಪ್ಪಿದ ಜಾಗದವರೆಗೆ ಹಿಂದಕ್ಕೆ ಹೋಗಬೇಕು. ಕತ್ತರಿ ಹಿಡಿದವಳಿಗೆ ಅವತ್ತಿನ ಚಹಾ ಬಂದ್.

ನಾಲ್ಕು ವರ್ಷದ ಹಿಂದೆ ಸೂಜಿಮನೆಗೆ ಒಂದು ಕಂಪ್ಯೂಟರ್ ಬಂದಿತ್ತು. ಅದರ ತೆರೆಯ ಮೇಲೆ ಚೌಕುಳಿ ಹಾಳೆ ತೆರೆದುಕೊಂಡರೆ ಒಂದು ಚೌಕಕ್ಕೆ ಒಂದು ಹೊಲಿಗೆ ಲೆಕ್ಕ. ಚಿತ್ರವನ್ನು ಅಲ್ಲೇ ಬರೆದು, ಬೇಡವಾದರೆ ಅಳಿಸಿ, ಮನಸ್ಸಿಗೆ ಬಂದ ಮೇಲೆ ಬಟ್ಟೆಗೆ ಇಳಿಸಬಹುದು. ಅಲ್ಲಿಯವರೆಗೆ ಇನ್ಯಾರೋ ಬರೆದು ಕಳಿಸಿದ್ದನ್ನೇ ಹೊಲಿಯುತ್ತಿದ್ದ ಹೆಂಗಸರು ಮೊದಲ ಸಲ ತಮ್ಮದೇ ಚಿತ್ರ ಕಟ್ಟತೊಡಗಿದರು. ಆದರೆ ತೆರೆಯ ತುಂಬ ಸಾಸಿವೆ ಕಾಳಿನಂಥ ಇಂಗ್ಲಿಷ್ ಅಕ್ಷರ. ಯಾರ ಕೆಲಸ ಎಲ್ಲಿದೆ ಎಂದು ಹುಡುಕುವುದರಲ್ಲೇ ಅರ್ಧ ದಿನ ಹೋಗುತ್ತಿತ್ತು.

ಅದಕ್ಕೆ ಹುಬ್ಬಳ್ಳಿಯ ಕಂಪ್ಯೂಟರ್ ರಿಪೇರಿಯ ಸಮೀರ ನದಾಫ ಒಂದು ಉಪಾಯ ಮಾಡಿದ. ತೆರೆಯ ಮುಖವನ್ನು ನಮಗೆ ಬೇಕಾದಂತೆ ಅಲಂಕರಿಸುವ ಒಂದು ಸಾಫ್ಟ್‌ವೇರ್ ತಂದು ಹಾಕಿದ. ಅಕ್ಷರಗಳನ್ನೆಲ್ಲ ಮರೆಮಾಡಿ, ಒಬ್ಬೊಬ್ಬರಿಗೆ ಅಂಗೈ ಅಗಲದ ಒಂದೊಂದು ಚಿತ್ರ ಇಟ್ಟುಕೊಟ್ಟ. ಯಲ್ಲವ್ವನಿಗೆ ತುಳಸಿಕಟ್ಟೆ, ಕಸ್ತೂರಿಗೆ ಗೋಪುರ, ಇನ್ನೊಬ್ಬಳಿಗೆ ಆನೆ ಅಂಬಾರಿ. ತನ್ನ ಚಿತ್ರ ಒತ್ತಿದರೆ ತನ್ನ ಕೆಲಸ ತೆರೆಯುತ್ತದೆ. ಆ ಸಾಫ್ಟ್‌ವೇರಿನ ಇಂಗ್ಲಿಷ್ ಹೆಸರು ಯಾರ ನಾಲಿಗೆಗೂ ಹತ್ತಲಿಲ್ಲ. ಎಲ್ಲರೂ ಅದನ್ನು ಸಿಂಗಾರ ಎಂದು ಕರೆದರು.

ಫಕೀರವ್ವನ ಚಿತ್ರ ನವಿಲು. ಗುರುವಿನದು ಉಳಿದವರ ಹಾಗೆ ಇದ್ದರೆ ಏನು ಚೆಂದ ಎಂದು ಸಮೀರ ಎಲ್ಲಿಂದಲೋ ಒಂದು ಹೆಚ್ಚಿನ ತುಣುಕು ಹುಡುಕಿ ತಂದು ಅದಕ್ಕೆ ಜೋಡಿಸಿದ್ದ. ಐದು ನಿಮಿಷಕ್ಕೊಮ್ಮೆ ಆ ನವಿಲು ತೆರೆಯ ಮೇಲೆ ಗರಿ ಬಿಚ್ಚಿ ಕುಣಿಯುತ್ತಿತ್ತು. ಸೂಜಿಮನೆಗೆ ಬಂದವರನ್ನು ಫಕೀರವ್ವ ಅದನ್ನು ತೋರಿಸದೆ ಕಳಿಸುತ್ತಿರಲಿಲ್ಲ. ಕುಣಿತಕ್ಕೆ ಇನ್ನೂ ಎರಡು ನಿಮಿಷ ಇದ್ದರೆ ಚಹಾ ಕೊಟ್ಟಾದರೂ ಕೂಡಿಸಿಕೊಳ್ಳುತ್ತಿದ್ದಳು. ಐವತ್ತನಾಲ್ಕನೆಯ ವಯಸ್ಸಿನಲ್ಲಿ ಮೌಸ್ ಹಿಡಿದವಳಿಗೆ ಇಷ್ಟು ಹೆಮ್ಮೆ ಇದ್ದರೆ ನಾವು ಹೊಟ್ಟೆಕಿಚ್ಚು ಪಡಬೇಕಾಗಿಲ್ಲ.

ಈ ವರ್ಷ ಹಳೆಯ ಕಂಪ್ಯೂಟರ್ ಹೊಗೆ ಬಿಟ್ಟು ಕಣ್ಣು ಮುಚ್ಚಿತು. ಪುಣ್ಯಕ್ಕೆ ಒಳಗಿನ ಕೆಲಸದ್ದೆಲ್ಲ ಸಮೀರನ ಬಳಿ ಒಂದು ಪ್ರತಿ ಉಳಿದಿತ್ತು. ಯಾರೋ ದಾನಿಗಳು ಹೊಸ ಕಂಪ್ಯೂಟರ್ ಕೊಟ್ಟರು. ಅದರಲ್ಲಿದ್ದ ಆಪರೇಟಿಂಗ್ ಸಿಸ್ಟಂ ಕೂಡ ಹೊಚ್ಚಹೊಸದು. ಸಮೀರ ಬಂದು ಸಿಂಗಾರವನ್ನು ಹಾಕಿದ, ಹನ್ನೊಂದೂ ಚಿತ್ರಗಳನ್ನು ಒಟ್ಟಿಗೇ ಸುರಿದ. ಹಳೆಯ ಮುಖಗಳೆಲ್ಲ ಹೊಸ ತೆರೆಯ ಮೇಲೆ ಮೂಡಿದವು. ಹೆಂಗಸರು ಚಪ್ಪಾಳೆ ತಟ್ಟಿದರು. ಐದು ನಿಮಿಷವಾಗಿತ್ತೋ ಇಲ್ಲವೋ, ಚಿತ್ರಗಳೆಲ್ಲ ಒಮ್ಮೆಗೇ ಮಾಯವಾದವು. ಸಾಫ್ಟ್‌ವೇರ್ ಕೆಲಸ ನಿಲ್ಲಿಸಿದೆ ಎಂಬ ಒಂದು ಇಂಗ್ಲಿಷ್ ಸಾಲು ಮಾತ್ರ ತೆರೆಯ ನಡುವೆ ಕೂತಿತ್ತು.

ಸಮೀರ ಸುಮ್ಮನೆ ಕೂತವನಲ್ಲ. ಮೂರು ದಿನ ಗುದ್ದಾಡಿದ. ಸಿಂಗಾರವನ್ನು ಕಿತ್ತು ಮತ್ತೆ ಹಾಕಿದ. ಅದರ ಹೊಸ ಆವೃತ್ತಿ ತಂದು ಹಾಕಿದ. ಇದು ಹಳೆಯ ಸಿಸ್ಟಮ್ಮೇ ಎಂದು ಸಾಫ್ಟ್‌ವೇರನ್ನು ನಂಬಿಸುವ ಒಂದು ಆಯ್ಕೆ ಇರುತ್ತದಲ್ಲ, ಅದನ್ನೂ ಒತ್ತಿ ನೋಡಿದ. ಪ್ರತಿ ಸಲವೂ ಹಾಕಿದ ಕೂಡಲೇ ಹನ್ನೊಂದೂ ಚಿತ್ರಗಳನ್ನು ಒಟ್ಟಿಗೇ ಸುರಿಯುತ್ತಿದ್ದ. ಪ್ರತಿ ಸಲವೂ ಐದು ನಿಮಿಷದಲ್ಲಿ ಎಲ್ಲ ಬೋಳು. ಶುಕ್ರವಾರ ಸಂಜೆ ಅವನು ಕೈ ಚೆಲ್ಲಿದ. ಹಳೆಯ ಸಾಫ್ಟ್‌ವೇರಿಗೂ ಹೊಸ ಸಿಸ್ಟಮ್ಮಿಗೂ ಆಗಿಬರುವುದಿಲ್ಲ, ಎಲ್ಲ ಅಳಿಸಿಬಿಡೋಣ ಎಂದ.

ಕೇಂದ್ರದ ಕಾರ್ಯದರ್ಶಿ ಅರುಂಧತಿಬಾಯಿ ಕೆಟ್ಟವರೇನಲ್ಲ. ಅವರಿಗೆ ಕೆಲಸ ನಿಲ್ಲಬಾರದು, ಅಷ್ಟೇ. ದೊಡ್ಡ ಪ್ರದರ್ಶನವೊಂದು ಹತ್ತಿರ ಬಂದಿತ್ತು. ಶನಿವಾರ ನಾಲ್ಕು ಗಂಟೆಗೆ ಸಮಿತಿಯ ಸಭೆ, ಅಷ್ಟರೊಳಗೆ ಸಿಂಗಾರ ಸರಿಯಾಗದಿದ್ದರೆ ಕಂಪ್ಯೂಟರನ್ನು ಆಫೀಸ್ ಕೋಣೆಗೆ ಒಯ್ಯುವುದು, ಇಂಗ್ಲಿಷ್ ಬಲ್ಲ ಒಬ್ಬ ಆಪರೇಟರನ್ನು ಅಲ್ಲಿ ಕೂಡಿಸುವುದು, ಹೆಂಗಸರಿಗೆ ಚಿತ್ರ ಮುದ್ರಿಸಿ ಕೊಡುವುದು ಎಂದು ಹೇಳಿಹೋದರು. ನಿಮಗೂ ತಲೆನೋವು ತಪ್ಪುತ್ತದೆ ಎಂದು ಸಮಾಧಾನವನ್ನೂ ಹೇಳಿದರು.

ಫಕೀರವ್ವನಿಗೆ ಅದು ಸಮಾಧಾನವಾಗಿ ಕೇಳಲಿಲ್ಲ. ಮೂವತ್ತು ವರ್ಷ ಇನ್ನೊಬ್ಬರ ಚಿತ್ರ ಹೊಲಿದವಳು ಅವಳು. ತನ್ನ ತಲೆಯಲ್ಲಿ ಹುಟ್ಟಿದ್ದನ್ನು ತನ್ನ ಕೈಯಾರೆ ಕಟ್ಟುವ ಸುಖ ಸಿಕ್ಕು ನಾಲ್ಕು ವರ್ಷವಷ್ಟೇ ಆಗಿತ್ತು. ಕಂಪ್ಯೂಟರ್ ಆ ಕೋಣೆಗೆ ಹೋದರೆ ತಾವೆಲ್ಲ ಮತ್ತೆ ಹಾಳೆಗಾಗಿ ಬಾಗಿಲಲ್ಲಿ ಕಾಯುವವರೇ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಶನಿವಾರ ಬೆಳಿಗ್ಗೆ ಹತ್ತಕ್ಕೆ ಸಮೀರ ಎಲ್ಲವನ್ನೂ ಅಳಿಸಲೆಂದು ಬಂದು ಕೂತ. ಫಕೀರವ್ವ ಅವನ ಪಕ್ಕಕ್ಕೆ ಸ್ಟೂಲು ಎಳೆದುಕೊಂಡಳು.

“ತಮ್ಮಾ, ಮೂರು ದಿನಾ ಆತು ನೀ ಕತ್ತರಿ ಆಡ್ಸಾಕತ್ತಿ. ಇವತ್ತ ಒಂದ ದಿನಾ ನನ್ನಂಗ ಬಿಚ್ಚಿ ನೋಡೂಣು.”

ಬಿಚ್ಚುವುದೆಂದರೆ ಹೇಗೆ ಎಂದು ಸಮೀರ ಕೇಳಿದ. ಅವಳು ವಿವರಿಸಿದಳು. ಸಿಂಗಾರವನ್ನು ಖಾಲಿಯಾಗಿ ಹಾಕಬೇಕು, ಒಂದೂ ಚಿತ್ರ ಬೇಡ. ಅದು ನಿಂತರೆ ಒಂದು ಚಿತ್ರ ಇಡಬೇಕು, ಆಮೇಲೆ ಇನ್ನೊಂದು. ಯಾವುದನ್ನು ಇಟ್ಟಾಗ ಬೀಳುತ್ತದೋ ಅದರಲ್ಲೇ ಎಳೆ ತಪ್ಪಿದೆ. ಸಮೀರನಿಗೆ ಒಳಗೊಳಗೇ ನಾಚಿಕೆಯಾಯಿತು, ಯಾಕೆಂದರೆ ಅವನ ಕಸುಬಿನ ಮೊದಲ ಪಾಠವೂ ಅದೇ ಆಗಿತ್ತು. ಅವಸರದಲ್ಲಿ ಮರೆತಿದ್ದ.

ಖಾಲಿ ಸಿಂಗಾರ ಹಾಕಿ ಕಾಲು ಗಂಟೆ ಕಾದರು. ಅದು ಕಲ್ಲಿನಂತೆ ನಿಂತಿತ್ತು. ಹೆಂಗಸರೆಲ್ಲ ಕೆಲಸ ಬಿಟ್ಟು ಸುತ್ತ ಸೇರಿದರು. ತಪ್ಪು ಸಾಫ್ಟ್‌ವೇರಿನದಲ್ಲ ಎನ್ನುವುದು ಅಷ್ಟರಮಟ್ಟಿಗೆ ಗೊತ್ತಾಯಿತು.

ಮೊದಲು ಯಾರ ಚಿತ್ರ ಇಡುವುದು? ಕೇಳುವುದೇನು, ಗುರುವಿನದೇ. ನವಿಲು ಬಂದು ತೆರೆಯ ಎಡಮೂಲೆಯಲ್ಲಿ ನಿಂತಿತು. ಎರಡು ನಿಮಿಷ ನೋಡಿದರು, ಏನೂ ಆಗಲಿಲ್ಲ. “ನಂದು ಛಲೋ ಐತಿ, ಮುಂದಿಂದು ಹಾಕು” ಎಂದಳು ಫಕೀರವ್ವ. ಸಮೀರ ಯಲ್ಲವ್ವನ ತುಳಸಿಕಟ್ಟೆ ಹಾಕಿದ. ಸ್ವಲ್ಪ ಹೊತ್ತಿಗೆ ತೆರೆ ಬೋಳಾಯಿತು.

ಎಲ್ಲರ ಕಣ್ಣು ಯಲ್ಲವ್ವನ ಮೇಲೆ ಬಿತ್ತು. ಅವಳು ಸೂಜಿಮನೆಗೆ ಎಲ್ಲರಿಗಿಂತ ಕೊನೆಗೆ ಸೇರಿದವಳು, ಹತ್ತು ಮಾತಿಗೆ ಒಂದು ಮಾತಾಡುವವಳು. ತನ್ನ ಮೊದಲ ತುಳಸಿಕಟ್ಟೆಯನ್ನು ಬಟ್ಟೆಯಿಂದ ಫೋಟೋ ಹೊಡೆಸಿ ಕಂಪ್ಯೂಟರಿಗೆ ಹಾಕಿಸಿಕೊಂಡಿದ್ದಳು. ಫಕೀರವ್ವ ತಿರುಗಿ ನೋಡದೆಯೇ ಅಂದುಬಿಟ್ಟಳು:

“ಕಲಿಯೂ ಕೈ. ಎಲ್ಲೋ ಎಡವಟ್ಟ ಮಾಡಿರಬೇಕು. ತಗದ ಬಿಡು ಅದನ್ನ.”

ಯಲ್ಲವ್ವ ತನ್ನ ಜಾಗಕ್ಕೆ ಹೋಗಿ ಬಟ್ಟೆ ತೊಡೆಯ ಮೇಲೆ ಹಾಕಿಕೊಂಡಳು. ಸೂಜಿ ಮಾತ್ರ ಕೈಗೆ ತೆಗೆದುಕೊಳ್ಳಲಿಲ್ಲ.

ತುಳಸಿಕಟ್ಟೆ ತೆಗೆದು ಕಸ್ತೂರಿಯ ಗೋಪುರ ಹಾಕಿದರು. ಅದೂ ಬಿತ್ತು. ಗೋಪುರ ತೆಗೆದು ಆನೆ ಅಂಬಾರಿ ಹಾಕಿದರು. ಮತ್ತೆ ಬೋಳು. ತೊಟ್ಟಿಲು, ಹೂಬಳ್ಳಿ, ಗಿಳಿ, ಯಾವುದನ್ನು ಇಟ್ಟರೂ ಅದೇ ಪಾಡು. ಈಗ ಪ್ರತಿಯೊಬ್ಬಳಿಗೂ ತನ್ನ ಮೇಲೇ ಅನುಮಾನ. ಒಬ್ಬಳು ನಾನು ಸಂಕ್ರಾಂತಿಗೆ ಬಣ್ಣ ಬದಲಿಸಿದ್ದೆ, ಅದಕ್ಕೇ ಇರಬೇಕು ಎಂದಳು. ಸಮೀರ ಕುರ್ಚಿಗೆ ಒರಗಿದ. ಹತ್ತೂ ಜನರ ಚಿತ್ರ ಕೆಟ್ಟಿರುವುದು ಸಾಧ್ಯವಿಲ್ಲ, ನಾನು ಹೇಳಿದ್ದೇ ಸರಿ, ಇದು ಹೊಂದುವುದಿಲ್ಲ ಎಂದ. ಗಡಿಯಾರ ಒಂದೂವರೆ ತೋರಿಸುತ್ತಿತ್ತು.

ಫಕೀರವ್ವ ಊಟಕ್ಕೆ ಏಳಲಿಲ್ಲ. ಗೋಡೆಗೆ ಒರಗಿ ಕೂತು ಯೋಚಿಸಿದಳು. ಶಿಷ್ಯೆಯರು ಕೂಡದ ಚಿತ್ರ ತಂದು, ಎಲ್ಲ ಎಣಿಸಿದೆ, ಎಲ್ಲೂ ತಪ್ಪಿಲ್ಲ ಎಂದು ಅತ್ತಾಗ ತಾನು ಏನು ಹೇಳುತ್ತೇನೆ? ಮೊದಲ ಹೊಲಿಗೆ ಎಣಿಸಿದೆಯಾ ಎಂದು ಕೇಳುತ್ತೇನೆ. ಅವರು ಎಣಿಸಿರುವುದಿಲ್ಲ. ಎಲ್ಲರೂ ಎರಡನೆಯದರಿಂದ ಎಣಿಸುತ್ತಾರೆ. ಮೊದಲನೆಯದು ಸರಿಯೇ ಇದೆ ಎಂಬ ಭರವಸೆಯಲ್ಲಿ ಅದಕ್ಕೆ ಬೆರಳು ಇಡುವುದಿಲ್ಲ. ಇಂದು ಬೆಳಗಿನಿಂದ ಬಿದ್ದ ಪ್ರತಿ ತೆರೆಯಲ್ಲೂ ಎರಡನೆಯ ಚಿತ್ರ ಬದಲಾಗಿತ್ತು. ಮೊದಲನೆಯದು ಮಾತ್ರ ಪ್ರತಿ ಸಲವೂ ಒಂದೇ, ತನ್ನ ನವಿಲು.

ಅವಳಿಗೆ ಇನ್ನೊಂದು ವಿಷಯವೂ ಆಗಲೇ ಹೊಳೆಯಿತು. ಹೊಸ ಕಂಪ್ಯೂಟರ್ ಬಂದಾಗಿನಿಂದ ನವಿಲು ಒಮ್ಮೆಯೂ ಕುಣಿದಿರಲಿಲ್ಲ. ಕುಣಿಯುವ ಹೊತ್ತು ಬರುವುದಕ್ಕೂ ಎಲ್ಲ ಮಾಯವಾಗುವುದಕ್ಕೂ ಸರಿಹೋಗುತ್ತಿತ್ತು. ಬಂದವರಿಗೆಲ್ಲ ಚಹಾ ಕೊಟ್ಟು ಕೂಡಿಸಿ ತೋರಿಸಿದ ನವಿಲು. ಅದರ ಮೇಲೆ ಅನುಮಾನ ಪಡಲು ಅವಳಿಗೆ ಮನಸ್ಸೇ ಬಂದಿರಲಿಲ್ಲ. ಎದ್ದು ಬಂದು ಸ್ಟೂಲಿನ ಮೇಲೆ ಕೂತಾಗ ಅವಳ ದನಿ ಸಣ್ಣದಾಗಿತ್ತು.

“ನನ್ನ ನವಿಲು ತಗಿ, ತಮ್ಮಾ. ಯಲ್ಲವ್ವನ ತುಳಸಿ ಒಂದ ಇಡು.”

ಸಮೀರ ಹಾಗೇ ಮಾಡಿದ. ಐದು ನಿಮಿಷವಾಯಿತು. ತುಳಸಿಕಟ್ಟೆ ಅಲ್ಲಾಡಲಿಲ್ಲ. ಹತ್ತು ನಿಮಿಷವಾಯಿತು, ಹದಿನೈದಾಯಿತು. ಗೋಪುರ ಇಟ್ಟರು, ನಿಂತಿತು. ಆನೆ ಇಟ್ಟರು, ನಿಂತಿತು. ಈ ಸಲ ಫಕೀರವ್ವ ಯಾವುದಕ್ಕೂ ಅವಸರ ಮಾಡಲಿಲ್ಲ, ಒಂದೊಂದಕ್ಕೂ ಹತ್ತು ನಿಮಿಷ ಎಣಿಸಿಯೇ ಮುಂದಿನದಕ್ಕೆ ಹೂಂ ಎಂದಳು. ಅಡುಗೆಮನೆಯ ಕಡೆ ಹೋಗಿದ್ದ ಹೆಂಗಸರು ಒಬ್ಬೊಬ್ಬರಾಗಿ ವಾಪಸು ಬಂದು ನಿಂತರು. ನಾಲ್ಕಕ್ಕೆ ಇನ್ನು ಐದು ನಿಮಿಷ ಇರುವಾಗ ಹತ್ತೂ ಚಿತ್ರಗಳು ತೆರೆಯ ಮೇಲೆ ಜಮಾಯಿಸಿದ್ದವು.

ಸಮೀರ ನವಿಲಿನ ಒಳಗೆ ಹೊಕ್ಕು ನೋಡಿದ. ಉಳಿದ ಹತ್ತೂ ಬರೀ ಚಿತ್ರಗಳು. ನವಿಲಿಗೆ ಮಾತ್ರ ಅವನು ಅಂದು ಜೋಡಿಸಿದ ಕುಣಿತದ ತುಣುಕಿತ್ತು. ಗರಿ ಬಿಚ್ಚುವ ಹೊತ್ತಿಗೆ ಆ ತುಣುಕು ಹಳೆಯ ಸಿಸ್ಟಮ್ಮಿನಲ್ಲಿದ್ದ ಯಾವುದೋ ಭಾಗವನ್ನು ಕೇಳುತ್ತಿತ್ತು. ಹೊಸದರಲ್ಲಿ ಆ ಭಾಗವೇ ಇಲ್ಲ. ಕೇಳಿದ್ದು ಸಿಗದೆ ಅದು ತಾನೂ ಬಿದ್ದು ಇಡೀ ಸಿಂಗಾರವನ್ನೂ ಬೀಳಿಸುತ್ತಿತ್ತು. ಸಮೀರ ಫಕೀರವ್ವನ ಕಿವಿಯ ಹತ್ತಿರ ಬಾಗಿ, ಸಭೆಯಲ್ಲಿ ಸಾಫ್ಟ್‌ವೇರಿನ ದೋಷವಿತ್ತು, ಸರಿಯಾಯಿತು ಎಂದಷ್ಟೇ ಹೇಳಿದರೆ ಸಾಕು, ನವಿಲಿನ ಸುದ್ದಿ ಯಾಕೆ ಎಂದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದ. ಗುರುವಿನ ಮರ್ಯಾದೆ ಉಳಿಯಲಿ ಎಂಬುದು ಅವನ ಆಸೆ.

ನಿಜ ಹೇಳಬೇಕೆಂದರೆ ಫಕೀರವ್ವನಿಗೂ ಅರೆಗಳಿಗೆ ಆಸೆಯಾಯಿತು. ಹತ್ತು ಶಿಷ್ಯೆಯರ ಮುಂದೆ ತಲೆ ತಗ್ಗಿಸುವುದೆಂದರೆ ಯಾರಿಗೆ ಬೇಕು? ಅಷ್ಟರಲ್ಲಿ ಅವಳ ಕಣ್ಣು ಯಲ್ಲವ್ವನ ಕಡೆ ಹೋಯಿತು. ಅವಳು ಇನ್ನೂ ತನ್ನ ಜಾಗದಲ್ಲೇ ಕೂತಿದ್ದಳು.

ನಾಲ್ಕಕ್ಕೆ ಸರಿಯಾಗಿ ಅರುಂಧತಿಬಾಯಿ ಸಮಿತಿಯ ಇಬ್ಬರೊಡನೆ ಒಳಗೆ ಬಂದರು. ತೆರೆ ನೋಡಿ ಬಾಗಿಲಲ್ಲೇ ನಿಂತರು. ಸರಿಯಾಯಿತೇ, ನಾಳೆ ಮತ್ತೆ ಬೀಳುವುದಿಲ್ಲ ಎಂದು ಏನು ಖಾತ್ರಿ ಎಂದು ಕೇಳಿದರು. ಕೇಳಬೇಕಾದ ಮಾತೇ ಅದು. ಸಮೀರ ಬಾಯಿ ತೆರೆಯುವ ಮೊದಲೇ ಫಕೀರವ್ವ ಎದ್ದು ನಿಂತಳು.

“ಖಾತ್ರಿ ತೋರಸ್ತೀನ್ರಿ ಬಾಯೇರ. ಐದು ನಿಮಿಷ ಕೂಡ್ರಿ.”

ಎಲ್ಲರೂ ನೋಡುತ್ತಿರುವಂತೆಯೇ ಅವಳು ತನ್ನ ಕೈಯಾರೆ ನವಿಲನ್ನು ತೆರೆಯ ಮೇಲೆ ಇಟ್ಟಳು. ಹತ್ತು ಚಿತ್ರಗಳ ನಡುವೆ ಅದು ಠೀವಿಯಿಂದ ನಿಂತುಕೊಂಡಿತು. ಇಡೀ ಕೋಣೆ ಗಡಿಯಾರ ನೋಡುತ್ತಿತ್ತು. ಒಂದು ನಿಮಿಷ, ಎರಡು, ಮೂರು, ನಾಲ್ಕು. ಐದನೆಯ ನಿಮಿಷಕ್ಕೆ ನವಿಲು ಗರಿ ಬಿಚ್ಚಲು ಹೋಯಿತು, ಮರುಕ್ಷಣ ತೆರೆ ಪೂರಾ ಬೋಳು. ಮೂರು ದಿನದಿಂದ ಆ ಬೋಳು ತೆರೆ ನೋಡಿದಾಗಲೆಲ್ಲ ಕಣ್ಣೀರು ತಂದುಕೊಂಡಿದ್ದ ಹೆಂಗಸರು ಈ ಸಲ ಗೊಳ್ಳೆಂದು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ಫಕೀರವ್ವ.

ಅವಳು ಸಿಂಗಾರವನ್ನು ಮತ್ತೆ ಚಾಲೂ ಮಾಡಿದಳು. ಯಾವ ಚಿತ್ರ ಬೇಕೆಂದು ಗುರುತು ಹಾಕುವ ಪಟ್ಟಿಯಲ್ಲಿ ನವಿಲಿನ ಎದುರಿನ ಗುರುತು ತೆಗೆದಳು. ಹತ್ತೂ ಚಿತ್ರಗಳು ಸಾಲಾಗಿ ಬಂದು ನಿಂತವು, ನಿಂತೇ ಇದ್ದವು. ಸಭೆ ನಡೆದ ಒಂದು ಗಂಟೆಯೂ ಅವು ಅಲ್ಲಾಡಲಿಲ್ಲ.

ಆದರೆ ಸಭೆ ಶುರುವಾಗುವ ಮುಂಚೆ ಅವಳು ಇನ್ನೊಂದು ಕೆಲಸ ಮಾಡಿದಳು. ನೇರವಾಗಿ ಯಲ್ಲವ್ವನ ಹತ್ತಿರ ಹೋಗಿ, ಅವಳ ಮುಂದೆ ನೆಲದ ಮೇಲೇ ಕೂತಳು. ದನಿ ತಗ್ಗಿಸಲಿಲ್ಲ. ಬೈದದ್ದು ಎಲ್ಲರಿಗೂ ಕೇಳುವಂತೆ ಆಗಿತ್ತು, ಇದೂ ಎಲ್ಲರಿಗೂ ಕೇಳಬೇಕಿತ್ತು.

“ನಿನ್ನ ತುಳಸಿ ಛಲೋ ಇತ್ತು, ತಂಗಿ. ಕೆಟ್ಟಿದ್ದು ನನ್ನ ನವಿಲು. ನಂದು ನಾ ಎಣಿಸಲಿಲ್ಲ, ನಿಂದು ತಪ್ಪಂದೆ.”

ಯಲ್ಲವ್ವ ಗುರುವಿನ ಎರಡೂ ಕೈ ಹಿಡಿದುಕೊಂಡಳು. ಅತ್ತುಬಿಟ್ಟಳು. ಕಸ್ತೂರಿಯೂ ಮೂಗು ಒರೆಸಿಕೊಂಡಳು. ಕಂಪ್ಯೂಟರ್ ರಿಪೇರಿಯ ಸಮೀರ ಅಂದು ಯಾಕೋ ತನ್ನ ಬ್ಯಾಗಿನಲ್ಲಿ ಬಹಳ ಹೊತ್ತು ಏನನ್ನೋ ಹುಡುಕುತ್ತಿದ್ದ.

ಅರುಂಧತಿಬಾಯಿ ಆಪರೇಟರಿನ ವಿಷಯ ಬರೆದಿದ್ದ ಹಾಳೆಯನ್ನು ಮಡಚಿ ಒಳಗಿಟ್ಟರು. ಇಂಗ್ಲಿಷ್ ಬಲ್ಲವರು ಮೂರು ದಿನದಲ್ಲಿ ಮಾಡಲಾಗದ್ದನ್ನು ಎರಡನೆಯ ಇಯತ್ತೆ ಓದಿದವಳು ಒಂದೇ ದಿನದಲ್ಲಿ ಮಾಡಿದ್ದಾಳೆ, ಇನ್ನು ಕಂಪ್ಯೂಟರ್ ಈ ಕೋಣೆ ಬಿಟ್ಟು ಕದಲುವುದಿಲ್ಲ ಎಂದು ಸಮಿತಿಯ ಮುಂದೆ ಹೇಳಿದರು. ಹೆಂಗಸರ ಚಪ್ಪಾಳೆ ಓಣಿಯ ಆಚೆಗೂ ಕೇಳಿತು. ಸಮೀರ ಈ ಸಲ ಯಂತ್ರದ ಮೇಲೆ ತಪ್ಪು ಹೊರಿಸದೆ, ನಾನು ಎಲ್ಲವನ್ನೂ ಒಟ್ಟಿಗೇ ಸುರಿದೆ, ಅದಕ್ಕೇ ತಪ್ಪು ಸಿಗಲಿಲ್ಲ ಎಂದು ಒಪ್ಪಿಕೊಂಡ. ಫಕೀರವ್ವ ಅವನ ಬೆನ್ನು ತಟ್ಟಿ ಚಹಾ ಕೊಡಿಸಿದಳು. ಅವನು ಕುಣಿತದ ತುಣುಕನ್ನು ಕಿತ್ತು, ಬರೀ ನವಿಲನ್ನು ಮತ್ತೆ ತೆರೆಗೆ ಹಾಕಿಕೊಟ್ಟ.

ಸಭೆ ಮುಗಿದ ಮೇಲೂ ಯಾರಿಗೂ ಮನೆಗೆ ಹೋಗುವ ಅವಸರವಿರಲಿಲ್ಲ. ಹೆಂಗಸರು ಸರದಿಯ ಮೇಲೆ ಕಂಪ್ಯೂಟರಿನ ಮುಂದೆ ಕೂತು ತಮ್ಮ ತಮ್ಮ ಚಿತ್ರ ಒತ್ತಿದರು. ಫಕೀರವ್ವ ಮೊದಲ ಸರದಿಯನ್ನು ಯಲ್ಲವ್ವನಿಗೆ ಕೊಟ್ಟಳು. ಯಲ್ಲವ್ವ ಹೊಸ ಚೌಕುಳಿ ಹಾಳೆ ತೆರೆದಳು, ಯಾರ ಸಹಾಯವನ್ನೂ ಕೇಳದೆ ಪ್ರದರ್ಶನಕ್ಕೆ ತನ್ನದೇ ಒಂದು ಚಿತ್ರ ಕಟ್ಟಲು ಶುರುಮಾಡಿದಳು. ಅವಳ ಹಿಂದೆ ಒಂಬತ್ತು ಮಂದಿ ತಮ್ಮ ಸರದಿಗೆ ಕಾಯುತ್ತಿದ್ದರು. ಹತ್ತನೆಯವಳಾಗಿ, ಎಲ್ಲರಿಗಿಂತ ಕೊನೆಗೆ, ಫಕೀರವ್ವ ನಿಂತಿದ್ದಳು. ಅವಳ ಮುಖದಲ್ಲಿ ಅಂದು ಇದ್ದಷ್ಟು ಸಂತೋಷವನ್ನು ಅವಳ ಶಿಷ್ಯೆಯರು ಹಿಂದೆ ಎಂದೂ ಕಂಡಿರಲಿಲ್ಲ.

ನೀತಿ: ಏನಾದರೂ ಕೆಟ್ಟರೆ ಎಲ್ಲವನ್ನೂ ಕಿತ್ತು ಬಿಸಾಡಬೇಡಿ, ತಾಳ್ಮೆಯಿಂದ ಒಂದೊಂದನ್ನೇ ತೆಗೆದು ನೋಡಿ, ತಪ್ಪು ತಾನಾಗಿ ಕೈಗೆ ಸಿಗುತ್ತದೆ. ಆದರೆ ಆ ಎಣಿಕೆಯನ್ನು ನಿಮ್ಮಿಂದಲೇ ಆರಂಭಿಸಿ. ತಮ್ಮ ತಪ್ಪನ್ನು ಹತ್ತು ಜನರ ಮುಂದೆ ಒಪ್ಪಿಕೊಂಡವರು ಆ ಹತ್ತು ಜನರ ಮನಸ್ಸಿನಲ್ಲಿ ಇನ್ನೂ ದೊಡ್ಡವರಾಗುತ್ತಾರೆ.